ಇಬ್ಬರಿಗೆ ಮಾತ್ರ

"ಎಷ್ಟು ಜನ ಬರ್ತೀರೋ ಅಷ್ಟನ್ನೇ ಬರೀಬೇಕಮ್ಮ. ಒಂದು ತಲೆ ಹೆಚ್ಚೂ ಬೇಡ, ಕಡಿಮೆಯೂ ಬೇಡ," ಎಂದಿತು ಬೆಟ್ಟದ ಬಾಡಿಗೆ ಮನೆಗೆ ಮಾಡಿದ ಫೋನಿನಲ್ಲಿ ಮುದುಕಿಯ ದನಿ.

ಟಿಕೆಟ್ ಪರೀಕ್ಷಕಿಗೆ ನಗು ಬಂತು. ಹನ್ನೊಂದು ವರ್ಷ ರೈಲಿನ ಡಬ್ಬಿಯಿಂದ ಡಬ್ಬಿಗೆ ನಡೆದು ತಲೆ ಎಣಿಸಿದವಳು ಅವಳು. ಸೀಟಿನಡಿ ಮಲಗಿದವರನ್ನೂ ಕಾಲು ಹಿಡಿದು ಎಳೆದವಳು. ಅಂಥವಳಿಗೆ ಲೆಕ್ಕದ ಪಾಠ! ಅಜ್ಜಿಗೆ ಕೆಮ್ಮು ಕಲಿಸಿದ ಹಾಗಾಯಿತು.

"ಯಾಕಜ್ಜಿ, ಲೆಕ್ಕ ತಪ್ಪಿದ್ರೆ ಮನೆ ಮುನಿಸ್ಕೊಳ್ಳತ್ತಾ?"

"ನಗಬೇಡ ಮಗಳೇ. ಆ ಮನೆ ಕಟ್ಟಿದವನ ಬಾಗಿಲಿಗೆ ಹಿಮ ಸುರಿಯೋ ದಿನ ಮೂರು ಜನ ಬಂದ್ರು. ಇಬ್ಬರಿಗೆ ಮಾತ್ರ ಜಾಗ ಅಂದ. ಹೊರಗೆ ಉಳಿದೋಳು ಮಾಟ ಬಲ್ಲೋಳು. ತನ್ನ ಕೂದಲು, ಉಗುರು, ಕಬ್ಬಿಣದ ಮೊಳೆ ಹೊಸ್ತಿಲ ಕೆಳಗೆ ಹೂತು ಅಲ್ಲೇ ಸತ್ತಳು. ಅವತ್ತಿಂದ ಹೇಳಿದ ಲೆಕ್ಕದಷ್ಟೇ ಜನ ಹೊರಗೆ ಬರೋದು. ಉಳಿದೋರನ್ನ ಯಾರೂ ನೆನಪಿಟ್ಕೊಳ್ಳಲ್ಲ."

ಕರೆ ಕಡಿದುಹೋಯಿತು. ಅವಳು ಭುಜ ಕುಣಿಸಿ ಮತ್ತೆ ಫೋನಿನ ಪುಟ ತೆರೆದಳು.

ಗಂಡ ಹೆಂಡತಿಗೆ ಒಟ್ಟಿಗೆ ರಜೆ ಸಿಕ್ಕಿದ್ದು ಮೂರು ವರ್ಷಗಳ ಮೇಲೆ. ಒಂದು ವಾರದಿಂದ ಬೆಟ್ಟದ ಮೇಲಿನ ಮರದ ಮನೆಗಳನ್ನೆಲ್ಲ ಜಾಲಾಡಿದ್ದಳು. ಒಂದರಲ್ಲಿ ನೀರಿಲ್ಲ, ಇನ್ನೊಂದಕ್ಕೆ ಸರಿಯಾದ ದಾರಿಯಿಲ್ಲ, ಮಿಕ್ಕವೆಲ್ಲ ಭರ್ತಿ. ಖಾಲಿಯಿದ್ದದ್ದು ಇದೊಂದೇ. ಚಿತ್ರದ ಕೆಳಗೆ 'ಇಬ್ಬರಿಗೆ ಮಾತ್ರ' ಎಂದು ಬರೆದಿತ್ತು. ಹಿಂದೆ ಹೋಗಿಬಂದ ದಂಪತಿಯ ಅಭಿಪ್ರಾಯವೂ ಒಂದಿತ್ತು: 'ನಾವಿಬ್ಬರೇ ಹೋಗಿದ್ದೆವು. ನೋಟ ಸೊಗಸು. ಬಂದ ಮೇಲೆ ಕಾರಿನಲ್ಲಿ ದಪ್ಪ ಗಾಜಿನ ಕನ್ನಡಕ ಸಿಕ್ಕಿತು. ನಮ್ಮಿಬ್ಬರಿಗೂ ಕನ್ನಡಕವಿಲ್ಲ. ಯಾರದೆಂದು ಗೊತ್ತಿದ್ದರೆ ತಿಳಿಸಿ.'

"ಮೂರು ಅಂತಲೇ ಬರಿ," ಎಂದ ಗಂಡ. ಬೇಕರಿಯ ಒಲೆಯ ಮುಂದೆ ದಿನ ಕಳೆಯುವ ಆತನಿಗೆ ಮಾತು ಕಡಿಮೆ, ಅಂಜಿಕೆ ಹೆಚ್ಚು.

"ಮೂರು ಹಾಕಿದ್ರೆ ತಗೊಳ್ಳಲ್ಲ ರೀ. ಐದು ತುಂಬದ ಮಕ್ಕಳಿಗೆ ರೈಲಲ್ಲೇ ಟಿಕೆಟ್ ಇಲ್ಲ, ಬೆಟ್ಟಕ್ಕೇನು ಬೇರೆ ಕಾನೂನಾ?" ಎಂದವಳೇ ಎರಡು ಎಂದು ಒತ್ತಿದಳು.

ಮಗಳಿಗೆ ನಾಲ್ಕೂವರೆ. ಅಮ್ಮನ ಕಸುಬೇ ಅವಳ ಆಟ. ಎಲ್ಲಿ ಕೂತರೂ ಬೆರಳು ಚಾಚಿ ಎಣಿಸುವಳು. ಬೆಟ್ಟದ ಮನೆಯ ಬಾಗಿಲು ದಾಟುವಾಗಲೂ ಎಣಿಸಿದಳು. "ಅಪ್ಪ ಒಂದು, ಅಮ್ಮ ಎರಡು, ನಾನು ಮೂರು!"

ಹೊಸ್ತಿಲ ಕೆಳಗೆ ಮೊಳೆ ಕದಲಿದ ಸದ್ದಾಯಿತು. ಒದ್ದೆ ಮರದ ವಾಸನೆಯ ನಡುವೆ ಸುಟ್ಟ ಕೂದಲಿನ ಕಮಟು ಮೂಗಿಗೆ ಬಡಿಯಿತು. ಹಳೇ ಮನೆ, ಇಲಿ ಸತ್ತಿರಬೇಕು ಎಂದುಕೊಂಡು ತಾಯಿ ಕಿಟಕಿ ತೆರೆಯಲು ಹೋದಳು.

ಮರುದಿನ ಬೆಳಿಗ್ಗೆ ಗಂಡ ಎರಡೇ ತಟ್ಟೆ ಇಟ್ಟ. "ಮಗೂಗೆ?" ಎಂದು ಅವಳು ಕೇಳಿದಾಗ ಹಣೆ ಚಚ್ಚಿಕೊಂಡು ಮೂರನೆಯದು ತಂದ. ಮಧ್ಯಾಹ್ನ ಮತ್ತೆ ಎರಡೇ ತಟ್ಟೆ. ಮಗಳು ಅಪ್ಪನ ಅಂಗಿ ಜಗ್ಗಿ ಕರೆದಳು. ಆತ ತಿರುಗಲಿಲ್ಲ. ಗಾಳಿಗೆ ಅಂಗಿ ಹಾರಿತೇನೋ ಎಂಬಂತೆ ಸರಿಮಾಡಿಕೊಂಡ.

ಮೂರನೆಯ ದಿನ ಬೆಳಿಗ್ಗೆ ಸಾಮಾನು ಕಟ್ಟುವಾಗ ಆತ ಹಳದಿ ಸ್ವೆಟರೊಂದನ್ನು ಎತ್ತಿ ಹಿಡಿದ. "ಇದ್ಯಾರದೇ? ಹಿಂದೆ ಬಂದೋರು ಬಿಟ್ಟು ಹೋಗಿರಬೇಕು."

ಅವಳು ಅದನ್ನು ಆತನ ಕೈಯಿಂದ ಕಸಿದುಕೊಂಡಳು. "ರೀ, ತಮಾಷೆ ಸಾಕು. ಅದು ನಮ್ಮ..."

ಮಗಳ ಹೆಸರು ನಾಲಿಗೆಗೆ ಬರಲಿಲ್ಲ. ತಾನೇ ಹೆತ್ತು, ತಾನೇ ಇಟ್ಟ ಹೆಸರು. ಎಷ್ಟು ತಡಕಿದರೂ ಸಿಗಲಿಲ್ಲ. ಮುದುಕಿಯ ಮಾತು ಆಗ ನೆನಪಾಯಿತು. ಮನೆ ತನ್ನ ಲೆಕ್ಕ ಸರಿಮಾಡಿಕೊಳ್ಳುತ್ತಿತ್ತು.

"ಈಗಲೇ ಹೊರಡೋಣ," ಎಂದು ಕಿರುಚಿ ಮಗಳನ್ನು ಎಳೆದುಕೊಂಡಳು. ಗಂಡ ಚೀಲ ಹಿಡಿದು ಮೊದಲು ಹೊರಗೆ ಹೋದ. ಆತನ ಹಿಂದೆಯೇ ಬಾಗಿಲು ಧಡಾರನೆ ಮುಚ್ಚಿತು.

ಒಂದು ತಲೆ ಹೋಯಿತು. ಲೆಕ್ಕದಲ್ಲಿ ಇನ್ನು ಹೊರಬೀಳಲು ಉಳಿದಿದ್ದು ಒಂದೇ.

ಅವಳು ಚಿಲಕ ಜಗ್ಗಿದಳು. ಅಲುಗಲಿಲ್ಲ. ಕಿಟಕಿಗೆ ಕುರ್ಚಿ ಬೀಸಿದಳು. ಕುರ್ಚಿ ಮುರಿಯಿತು, ಗಾಜು ಬಿರುಕೂ ಬಿಡಲಿಲ್ಲ. ಹೊರಗೆ ಮಂಜು. ಒಳಗೆ ಸುಟ್ಟ ಕೂದಲಿನ ಹೊಗೆ. ಮಗಳನ್ನು ಸೊಂಟಕ್ಕೇರಿಸಿಕೊಂಡಳು. ಮಡಿಲ ಕೂಸಿಗೆ ಟಿಕೆಟ್ ಇಲ್ಲ. ಎತ್ತಿಕೊಂಡರೆ ಒಬ್ಬರೇ ಲೆಕ್ಕ. ಒದ್ದಳು. ಮತ್ತೆ ಒದ್ದಳು. ಬಾಗಿಲು ಕಲ್ಲಾಗಿತ್ತು.

"ಅಮ್ಮಾ, ಇಳಿಸು. ನಾನು ತೆಗೀತೀನಿ."

ಇಳಿಸಿದಳು. ಮಗಳು ಪುಟ್ಟ ಕೈ ಚಾಚಿದಳು. ಬಾಗಿಲು ತಾನಾಗಿ ಒಂದು ಗೇಣು ತೆರೆಯಿತು. ತಾಯಿಯೂ ಹೆಜ್ಜೆಯಿಟ್ಟಳು. ಬಾಗಿಲು ಮುಚ್ಚಿತು. ಹಿಂದೆ ಸರಿದಳು. ತೆರೆಯಿತು.

ತಾನು ಹೊರಗೆ ಹೋದರೆ ಬದುಕಬಹುದು. ಮಗಳಿದ್ದಳೆಂಬ ನೆನಪೂ ಇರದು, ಆದ್ದರಿಂದ ಅಳುವೂ ಇರದು. ಒಂದು ಕ್ಷಣ, ಒಂದೇ ಕ್ಷಣ, ಆ ಯೋಚನೆ ಸುಳಿದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹಳದಿ ಸ್ವೆಟರನ್ನು ಮಗಳಿಗೆ ತೊಡಿಸಿದಳು. ಗುಂಡಿಗಳನ್ನು ಕುತ್ತಿಗೆಯವರೆಗೂ ಹಾಕಿದಳು.

"ಓಡು ಕಂದ. ಹಿಂದೆ ನೋಡಬೇಡ."

"ನೀನು?"

"ಬಂದೆ. ಹೋಗು."

ಬೆನ್ನಿಗೆ ಕೈಯಿಟ್ಟು ತಳ್ಳಿದಳು. ಬಾಗಿಲು ಮುಚ್ಚಿಕೊಂಡಿತು. ಹೊಸ್ತಿಲ ಕೆಳಗೆ ಮೊಳೆಗಳು ಒಂದೊಂದಾಗಿ ಬಿಗಿದುಕೊಂಡವು.

ಅಡುಗೆಮನೆಯಿಂದ ಯಾರೋ ಗೋಡೆ ತಡವುತ್ತ ಬಂದರು. ಈ ಮೂರು ದಿನ ಕಣ್ಣಿಗೆ ಬೀಳದ ಮುದುಕಿ. ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ಮೂಗಿನ ಎರಡೂ ಬದಿಗೆ ಕನ್ನಡಕ ಕೂತು ಆದ ಹಳೆಯ ಗುಳಿಗಳಿದ್ದವು.

"ಹೇಳಿದ್ದೆನಲ್ಲ ಮಗಳೇ," ಎಂದಳು ಫೋನಿನ ಅದೇ ದನಿಯಲ್ಲಿ. "ಎಲ್ಲರಿಗೂ ಹೇಳ್ತೀನಿ. ನನ್ನ ಮಗ ಸೊಸೆನೂ ಎರಡು ಅಂತಲೇ ಬರೆದಿದ್ರು."

ಅವಳು ಕಿಟಕಿಗೆ ಮುಖ ಒತ್ತಿ ನಿಂತಳು. ಅಂಗಳದಲ್ಲಿ ಗಂಡ, ಎಂದೂ ಮರೆತೇ ಇರಲಿಲ್ಲವೆಂಬಂತೆ, ಮಗಳನ್ನು ಎತ್ತಿ ಮುದ್ದಿಸಿ ಹಿಂದಿನ ಸೀಟಿನಲ್ಲಿ ಕೂರಿಸಿದ. ಮನೆಯ ಕಡೆ ಒಮ್ಮೆ ನೋಡಿದ. ಕಿಟಕಿ ಬಡಿಯುತ್ತಿದ್ದ ಕೈ ಆತನಿಗೆ ಕಾಣಲಿಲ್ಲ. ಕಾರಿನ ಗಾಜು ಇಳಿದಿತ್ತು.

"ಅಪ್ಪ ಒಂದು," ಎಂದಳು ಮಗಳು. ಬೆರಳು ಮುಂದಿನ ಖಾಲಿ ಸೀಟಿನತ್ತ ತಿರುಗಿತು. ಅಲ್ಲೇ ನಿಂತಿತು. ಏನನ್ನೋ ಹುಡುಕುವಂತೆ ತುಟಿ ಅಲುಗಿತು. ಆಮೇಲೆ ಮಗು ಬೆರಳನ್ನು ತನ್ನ ಎದೆಗೇ ತಿರುಗಿಸಿತು.

"ನಾನು ಎರಡು."

"ಸರಿಯಾಗಿದೆ ಪುಟ್ಟಿ," ಎಂದು ಅಪ್ಪ ಕಾರು ಹೊರಡಿಸಿದ.