ಒಂದು ಚೂರು ಅಸಲಿ ಗಾಜು

ಬೆಳಿಗ್ಗೆ ಏಳೂವರೆಗೆ ಠಾಣೆಗೆ ದೂರು ತಂದವನು ಇಸ್ತ್ರಿ ಅಂಗಡಿಯವನು. ಕಾಲಲ್ಲಿ ಚಪ್ಪಲಿ ಕೂಡ ಇರಲಿಲ್ಲ. ಇಸ್ತ್ರಿ ಮಾಡಿದ ಬಟ್ಟೆಯ ಗಂಟು ಹೊತ್ತು ಮನೆಮನೆಗೆ ಕೊಟ್ಟುಬರಲು ಬೆಳಕು ಹರಿಯುವ ಹೊತ್ತಿಗೆ ಹೊರಟಿದ್ದ ಅವನ ಹೆಂಡತಿ, ಕಾಲುವೆ ಪಕ್ಕದ ರಸ್ತೆಯಲ್ಲಿ ಯಾವುದೋ ಗಾಡಿ ಗುದ್ದಿ ಸತ್ತಿದ್ದಳು. ಹಾಲಿನ ವ್ಯಾನಿನವನು ನೋಡಿ ಸುದ್ದಿ ಮುಟ್ಟಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ದೂರು ಕೊಡಲು ಬಂದವರು ಗಾಡಿ ಹಿಡಿದುಕೊಡಿ ಎನ್ನುತ್ತಾರೆ, ಶಾಪ ಹಾಕುತ್ತಾರೆ. ಇವನು ಕೇಳಿದ್ದು ಒಂದೇ.

"ಅವಳು ಒದ್ದಾಡಿದ್ಲಾ ಸಾರ್?"

"ಇಲ್ಲ ಯಜಮಾನ್ರೇ. ಆ ಕ್ಷಣಕ್ಕೇ ಹೋಗಿರ್ತಾರೆ. ಅವರಿಗೆ ಗೊತ್ತೂ ಆಗಿರಲ್ಲ," ಎಂದರು ಇನ್‌ಸ್ಪೆಕ್ಟರ್.

ಶವವನ್ನು ಅವರಿನ್ನೂ ಕಣ್ಣಲ್ಲೂ ಕಂಡಿರಲಿಲ್ಲ. ಸರ್ವೀಸಿನಲ್ಲಿ ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದರೋ! ಹೇಳಿದರೆ ಎದುರಿಗಿದ್ದವರಿಗೆ ಒಂದಿಷ್ಟು ಉಸಿರು ಬರುತ್ತದೆ, ಇವರಿಗೂ ಎಫ್‌ಐಆರ್ ಬರೆಯಲು ಸಲೀಸಾಗುತ್ತದೆ. ಅಪರಿಚಿತ ವಾಹನ, ಅಪರಿಚಿತ ಚಾಲಕ ಎಂದು ಬರೆದು ಸಹಿ ಹಾಕಿಸಿಕೊಂಡರು.

ಎಂಟೂಕಾಲಿಗೆ ಸ್ಥಳದ ಪಂಚನಾಮೆ ಶುರುವಾಯಿತು. ಜೊತೆಗಿದ್ದ ಕಾನ್ಸ್‌ಟೇಬಲ್‌ಗೆ ಠಾಣೆಯಲ್ಲಿ ಎಲ್ಲರೂ ಇಟ್ಟ ಹೆಸರು ಕಡ್ಡಿ. ಅವನು ಕೂತರೆ ಜೀಪು ಒಂದು ಕಡೆ ವಾಲುತ್ತಿತ್ತು, ಅದಕ್ಕೇ ಆ ಹೆಸರು.

ಬಟ್ಟೆಯ ಗಂಟು ರಸ್ತೆಯಲ್ಲಿ ಬಿದ್ದಿರಲಿಲ್ಲ. ಮೋರಿಯ ಕಟ್ಟೆಯ ಮೇಲೆ ಯಾರೋ ನೀಟಾಗಿ ಎತ್ತಿಟ್ಟಿದ್ದರು. ಹಾಲಿನ ವ್ಯಾನಿನವನು ತಾನು ಮುಟ್ಟಿಲ್ಲವೆಂದು ಆಣೆ ಮಾಡಿದ. ಕಡ್ಡಿ ಗಂಟು ಬಿಚ್ಚಿದಾಗ ಮೇಲಿದ್ದ ಬಿಳಿ ಅಂಗಿಯ ಮಡಿಕೆಯಿಂದ ಹೆಬ್ಬೆರಳ ಉಗುರಿನಷ್ಟು ಗಾಜಿನ ಚೂರು ಜಾರಿತು. ದಪ್ಪ ಗಾಜು, ಒಳಮೈಯಲ್ಲಿ ಗೆರೆಗಳು.

"ಹೆಡ್‌ಲೈಟಿಂದು ಸಾರ್. ಹಳೇ ಕಾಲದ್ದು ಅನ್ಸುತ್ತೆ."

"ಮಿಕ್ಕಿದ್ದೆಲ್ಲಿ?"

ಕಡ್ಡಿ ಮಂಡಿಯೂರಿ ರಸ್ತೆಯನ್ನು ಅಂಗೈಯಿಂದ ಸವರಿದ. ಒಂದು ಹರಳೂ ಸಿಗಲಿಲ್ಲ. ದೀಪ ಒಡೆದರೆ ಹಿಡಿ ಗಾಜು ಬೀಳಬೇಕು. ಅಂದರೆ ಗುದ್ದಿದವನು ಇಳಿದಿದ್ದಾನೆ, ಕೂತು ಗಾಜು ಆಯ್ದಿದ್ದಾನೆ.

ಮೂರನೇ ದಿನ ಮರಣೋತ್ತರ ಪರೀಕ್ಷೆಯ ವರದಿ ಬಂತು. ತೊಡೆಯ ರಕ್ತನಾಳ ಹರಿದು ರಕ್ತ ಸೋರಿ ಸಾವು; ಅರ್ಧ ಗಂಟೆಯಾದರೂ ಜೀವ ಇದ್ದಿರಬೇಕು; ಆಸ್ಪತ್ರೆಗೆ ಸೇರಿಸಿದ್ದರೆ ಉಳಿಯುವ ಸಾಧ್ಯತೆಯಿತ್ತು. ಇನ್‌ಸ್ಪೆಕ್ಟರ್ ಎರಡು ಸಲ ಓದಿ ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು.

ಅವತ್ತು ಸಂಜೆಯೂ ಇಸ್ತ್ರಿಯವನು ಬಂದು ಬಾಗಿಲಲ್ಲಿ ನಿಂತ. ದಿನಾ ಬರುತ್ತಿದ್ದ.

"ಏನಾದ್ರೂ ಗೊತ್ತಾಯ್ತಾ ಸಾರ್?"

"ಹುಡುಕ್ತಾ ಇದೀವಿ."

"ಆಗ್ಲಿ ಸಾರ್. ನೋವು ತಿನ್ನದೆ ಹೋದ್ಲಲ್ಲ, ನನಗೆ ಅದೊಂದೇ ಧೈರ್ಯ. ಯಾರೋ ಪುಣ್ಯಾತ್ಮ ಬಟ್ಟೆ ಗಂಟೂ ಎತ್ತಿಟ್ಟಿದಾನೆ ನೋಡಿ."

ಇನ್‌ಸ್ಪೆಕ್ಟರ್ ಮೇಜಿನ ಮೇಲಿದ್ದ ಪೆನ್ನನ್ನು ಆ ಕಡೆಯಿಂದ ಈ ಕಡೆಗೆ ಇಟ್ಟರು.

ಚೂರು ಹಿಡಿದುಕೊಂಡು ಕಡ್ಡಿ ಬಿಡಿಭಾಗದ ಅಂಗಡಿಗಳನ್ನೆಲ್ಲ ಸುತ್ತಿ ಬಂದ. "ಎಲ್ಲರದ್ದೂ ಒಂದೇ ಮಾತು ಸಾರ್. ಹಳೇ ಕಾರಿನ ಅಸಲಿ ಸಾಮಾನು ಯಾವುದು, ನಕಲಿ ಯಾವುದು ಅಂತ ತಿಳೀಬೇಕಾದ್ರೆ ಹಲ್ಲಿನ ಡಾಕ್ಟ್ರನ್ನ ಕೇಳಿ ಅಂತಾರೆ."

"ಹಲ್ಲಿನ ಡಾಕ್ಟ್ರಿಗೂ ಕಾರಿಗೂ ಎಲ್ಲಿಂದೆಲ್ಲಿಗೆ ಸಂಬಂಧವೋ?"

"ಮೂವತ್ತು ವರ್ಷದಿಂದ ಒಂದೇ ಕಾರು ಸರಿ ಮಾಡ್ತಾ ಇದಾರಂತೆ. ಕಾರ್ಖಾನೆಯಿಂದ ಬಂದಾಗ ಇದ್ದ ಸಾಮಾನು ಬಿಟ್ಟು ಒಂದು ಸ್ಕ್ರೂ ಕೂಡ ಬೇರೆದು ಹಾಕಲ್ವಂತೆ. ಹುಚ್ಚು ಸಾರ್."

ಇಬ್ಬರೂ ಡಾಕ್ಟರ ಮನೆಗೆ ಹೋದದ್ದು ಸಲಹೆ ಕೇಳಲು, ಅಷ್ಟೇ. ಡಾಕ್ಟರಿಗೆ ಎಪ್ಪತ್ತು ದಾಟಿತ್ತು. ಒಂಟಿ ಜೀವ. ಮನೆಯ ಮುಂಗೋಣೆಯೇ ದವಾಖಾನೆ. ಕಿಟಕಿಯ ಬಳಿ ಪ್ಲಾಸ್ಟರ್ ಅಚ್ಚಿನ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡಿದ್ದವು. ಪೊಲೀಸರನ್ನು ಕಂಡು ಅವರ ಮುಖ ಬಿಳಿಚಿತು. ಆದರೆ ಇನ್‌ಸ್ಪೆಕ್ಟರ್ ಚೂರನ್ನು ಮೇಜಿನ ಮೇಲಿಟ್ಟಾಗ ಕಣ್ಣು ಅದರಿಂದ ಕದಲಲಿಲ್ಲ.

"ನಕಲಿ ಇರಬೇಕು, ಅಲ್ವಾ ಡಾಕ್ಟ್ರೇ?"

ಹೌದು ಎಂದಿದ್ದರೆ ಮುಗಿದುಹೋಗುತ್ತಿತ್ತು. ನಕಲಿ ಗಾಜು ಊರಲ್ಲಿ ಎಷ್ಟು ಕಾರಿಗಿಲ್ಲ!

"ಛೆ! ಯಾರಂದ್ರು?" ಡಾಕ್ಟರಿಗೆ ಮೈಯುರಿಯಿತು. ಚಿಮಟದಲ್ಲಿ ಚೂರನ್ನೆತ್ತಿ ಬೆಳಕಿಗೆ ಹಿಡಿದರು. "ಇಲ್ಲಿ ನೋಡಿ. ಗೆರೆ ಅಂಚಿಗೆ ಮುಟ್ಟಲ್ಲ, ಕೂದಲೆಳೆಯಷ್ಟು ಮುಂಚೆನೇ ನಿಲ್ಲುತ್ತೆ. ನಕಲಿಯಲ್ಲಿ ಅಂಚಿನ ತನಕ ಎಳೆದುಬಿಟ್ಟಿರ್ತಾರೆ. ಕಾರ್ಖಾನೆಯವರು ಮೊದಲನೇ ವರ್ಷ ಮಾತ್ರ ಮಾಡಿದ ಅಚ್ಚು ಇದು. ಅಸಲಿ."

"ಊರಲ್ಲಿ ಯಾರ ಹತ್ರ ಇದೆ?"

ಡಾಕ್ಟರು ಚೂರನ್ನು ಹತ್ತಿಯ ಮೇಲೆ ಮೆಲ್ಲಗೆ ಮಲಗಿಸಿದರು.

"ಕೇಸು ಮುಗಿದ ಮೇಲೆ ಇದನ್ನ ನನಗೆ ಕೊಡೋಕಾಗುತ್ತಾ?"

"ಒಡೆದ ಚೂರು ತಗೊಂಡು ಏನ್ಮಾಡ್ತೀರಾ ಡಾಕ್ಟ್ರೇ, ಯಾರಿಗಾದ್ರೂ ಹಲ್ಲು ಕಟ್ತೀರಾ?" ಎಂದು ಕಡ್ಡಿ ನಕ್ಕ. ಇನ್‌ಸ್ಪೆಕ್ಟರ್ ನಗಲಿಲ್ಲ. ಒಂದೇ ಒಂದು ಚೂರು ಯಾರಿಗೆ ಬೇಕು? ಉಳಿದ ಚೂರುಗಳೆಲ್ಲ ಕೈಯಲ್ಲಿರುವವನಿಗೆ.

"ನಿಮ್ಮ ಕಾರು ತೋರಿಸಿ."

ಹಿತ್ತಲ ಶೆಡ್ಡಿನಲ್ಲಿ ಕೆನೆಬಣ್ಣದ ಕಾರು ನಿಂತಿತ್ತು. ಇನ್‌ಸ್ಪೆಕ್ಟರ್ ಬಗ್ಗಿ ಈಗಷ್ಟೇ ಕಲಿತ ಪಾಠದಂತೆ ನೋಡಿದರು. ಬಲದೀಪದ ಗೆರೆಗಳು ಅಂಚಿಗೆ ಮೊದಲೇ ನಿಂತಿದ್ದವು. ಎಡದೀಪದವು ಅಂಚಿನ ತನಕ ಓಡಿದ್ದವು. ಅವರು ತಲೆಯೆತ್ತುವಷ್ಟರಲ್ಲಿ ಡಾಕ್ಟರು ತಾವಾಗಿಯೇ ಒಂದು ಡ್ರಾಯರ್ ಎಳೆದಿದ್ದರು. ಸ್ಟೀಲಿನ ತಟ್ಟೆ, ಅದರಲ್ಲಿ ಹತ್ತಿ, ಹತ್ತಿಯ ಮೇಲೆ ಅಂಟಿಸಿ ಜೋಡಿಸಿದ ಗಾಜು. ಒಂದು ಕಡೆ ಹಲ್ಲು ಬಿದ್ದ ಬಾಯಿಯಂತೆ ಸಂದು. ಇನ್‌ಸ್ಪೆಕ್ಟರ್ ಪಂಚರನ್ನು ಕರೆಸಿ, ಅವರ ಎದುರಿಗೆ ಚೂರನ್ನು ಅಲ್ಲಿಟ್ಟರು, ಸರಿಯಾಗಿ ಕೂತಿತು.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು.

"ಇಳಿದು ನೋಡಿದ್ರಾ?"

"ನೋಡಿದೆ. ನಾಡಿ ಹಿಡಿದೆ."

"ಇತ್ತಾ?"

"ಇತ್ತು."

ಕಡ್ಡಿಯ ಪೆನ್ನು ನಿಂತಿತು. "ಬರಿ," ಎಂದರು ಇನ್‌ಸ್ಪೆಕ್ಟರ್.

"ಮಾತಾಡಿದ್ರಾ ಅವರು?"

"ಗಂಟು ಎತ್ತಿಡಿ, ಬಟ್ಟೆ ಕೊಳೆಯಾಗ್ತವೆ ಅಂದ್ರು. ಎತ್ತಿಟ್ಟೆ. ಆಮೇಲೆ ಗಾಜು ಆಯ್ದೆ. ಎರಡು ಟೈರು ತುಳಿದ್ರೆ ಪುಡಿಯಾಗಿಬಿಡುತ್ತೆ. ಮತ್ತೆ ಹುಟ್ಟಲ್ಲ ಅದು."

"ನೀವು ಡಾಕ್ಟ್ರು ಕಣ್ರೀ! ಕಾರಲ್ಲಿ ಹಾಕ್ಕೊಂಡು ಆಸ್ಪತ್ರೆಗೆ ಹೋಗೋಕೇನಾಗಿತ್ತು?"

"ರಕ್ತ ತುಂಬಾ ಇತ್ತು. ಸೀಟು ಕಾರ್ಖಾನೆದೇ ಚರ್ಮ..."

ಅಷ್ಟಕ್ಕೆ ನಿಲ್ಲಿಸಿದರು. ತಾವಾಡಿದ್ದು ಅವರಿಗೇ ಈಗ ಕೇಳಿಸಿರಬೇಕು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಆಮೇಲೆ ಕೈ ಇಳಿಸಿ ತಗ್ಗಿದ ದನಿಯಲ್ಲಿ ಹೇಳಿದರು, "ನಲವತ್ತು ವರ್ಷ ಊರವರ ಬಾಯಿಗೆಲ್ಲ ನಕಲಿ ಹಲ್ಲು ಕಟ್ಟಿದೆ. ನನ್ನ ಕೈಯಿಂದ ಒಂದಾದ್ರೂ ಪೂರ್ತಿ ಅಸಲಿ ಇರಲಿ ಅಂತ ಆಸೆ ಇತ್ತು." ಸಂಜೆ ಐದಕ್ಕೆ ದಸ್ತಗಿರಿ ದಾಖಲಾಯಿತು.

ಮರುದಿನ ಇಸ್ತ್ರಿಯವನು ಗರಿಗರಿ ಅಂಗಿ ಹಾಕಿಕೊಂಡು ಬಂದ. "ಸಿಕ್ಕಿದ್ನಂತೆ ಸಾರ್," ಎಂದು ಕೈ ಮುಗಿದ.

ಇನ್‌ಸ್ಪೆಕ್ಟರ್ ಬಾಗಿಲು ಹಾಕಿ ಅವನನ್ನು ಕೂರಿಸಿದರು. ರಾತ್ರಿಯೆಲ್ಲ ಯೋಚಿಸಿದ್ದರು. ಮುಚ್ಚಿಡುವಂತಿರಲಿಲ್ಲ. ನಾಳೆ ಆರೋಪಪಟ್ಟಿಯಲ್ಲಿ ಬರುತ್ತದೆ, ನ್ಯಾಯಾಲಯದಲ್ಲಿ ವಕೀಲರು ಎಲ್ಲರೆದುರು ಕೂಗಿ ಓದುತ್ತಾರೆ. ಸುಳ್ಳು ಹೇಳಿದ ಬಾಯಿಂದಲೇ ನಿಜವನ್ನೂ ಕೇಳಲಿ ಎಂದುಕೊಂಡು, ಅರ್ಧ ಗಂಟೆ ಜೀವ ಇದ್ದದ್ದನ್ನು, ನಾಡಿ ನೋಡಿ ಬಿಟ್ಟುಹೋದದ್ದನ್ನು, ಗಾಜು ಆಯ್ದದ್ದನ್ನು ಒಂದೊಂದಾಗಿ ಹೇಳಿದರು. "ಅವತ್ತು ನಾನು ಹೇಳಿದ್ದು ಸುಳ್ಳು ಯಜಮಾನ್ರೇ."

ಇಸ್ತ್ರಿಯವನು ಅಲುಗಾಡದೆ ಕೇಳಿದ.

"ಏನಾದ್ರೂ ಅಂದ್ಲಂತಾ?"

"ಗಂಟು ಎತ್ತಿಡಿ ಅಂದ್ರಂತೆ. ಬಟ್ಟೆ ಕೊಳೆಯಾಗುತ್ತೆ ಅಂತ."

"ಹೂಂ. ಅಂದಿರ್ತಾಳೆ." ಅವನು ಎದ್ದ. ಬಾಗಿಲು ತೆರೆಯಲು ಹೋದವನು ಚಿಲಕದ ಮೇಲೆ ಕೈಯಿಟ್ಟು ನಿಂತ.

"ನೀವು ಹಿಡೀದೇ ಇದ್ದಿದ್ರೇ ಚೆನ್ನಾಗಿತ್ತು ಸಾರ್," ಎಂದ.