ರಂಗದ ಮೇಲೆ ಬಾರದ ನಾಯಿ

"ಟೀಚರ್, ತಪ್ಪು ತಿಳಕೋಬ್ಯಾಡ್ರಿ... ನಿಮ್ಮ ಒಂದು ಕಾಲಾಗಿನ ಚಪ್ಪಲಿ ಕೆಂಪು ಐತಿ, ಇನ್ನೊಂದು ಕರೇದು!"

ಸಿನಿಮಾ ನೋಡಿ ಚರ್ಚಿಸುವ ಗದಗದ ಚಿತ್ರಸಂಘದ ಮೆಟ್ಟಿಲ ಮೇಲೆ ಯಾರೋ ಅಪರಿಚಿತ ಗಂಡಸು ಹೀಗೆಂದಾಗ ಸುಶ್ಮಿತಾಳ ಮುಖ ಬಿಸಿಯಾಯಿತು. ಹುಟ್ಟಿನಿಂದ ಕಣ್ಣಿಲ್ಲದ ಅವಳು ಬೆಟಗೇರಿಯ ಶಾಲೆಯೊಂದರಲ್ಲಿ ಸಂಗೀತದ ಟೀಚರು. ಬೆಳಗಿನಿಂದ ಅದೇ ಚಪ್ಪಲಿಯಲ್ಲಿ ತರಗತಿಯಿಂದ ತರಗತಿಗೆ ಓಡಾಡಿದ್ದಳು. ಒಬ್ಬರಾದರೂ ಬಾಯಿ ಬಿಟ್ಟಿರಲಿಲ್ಲ!

"ಇಡೀ ದಿನ ಯಾರೂ ಹೇಳಲಿಲ್ಲ. ನೀವ್ಯಾಕ ಹೇಳಿದ್ರಿ?"

"ಕಂಡಿದ್ದು ಹೇಳಿದೆ ನೋಡ್ರಿ. ನಾನು ಮೌನೇಶ, ನಾಟಕ ಕಂಪನಿಗೆ ಪರದೆ ಬರಿಯೋ ಮನಷಾ. ಬಣ್ಣ ತಪ್ಪಿದ್ರ ಸುಮ್ಮನಿರಾಕ ಆಗಂಗಿಲ್ಲ."

ಚಪ್ಪಲಿಯಿಂದ ಶುರುವಾದ ಪ್ರೀತಿಯೇ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ಆದರೆ ಇಪ್ಪತ್ತಾರು ವರ್ಷ 'ಚಂದ ಕಾಣ್ತಿ ಬಿಡವಾ' ಅನ್ನುವ ಒಂದೇ ಮಾತು ಕೇಳಿ ಕೇಳಿ ಸುಸ್ತಾದವಳಿಗೆ ಆ ಒರಟು ಸತ್ಯ ಎಷ್ಟು ರುಚಿಸಿರಬೇಕು, ಯೋಚಿಸಿ!

ಅದೇ ತಿಂಗಳು ಸಂಘದ ಹಿರಿಯರಾದ ಈಶಪ್ಪ ಮಾಸ್ತರರು ಜರ್ಮನ್ ಒಪೆರಾವೊಂದರ ವಿಡಿಯೊ ತರಿಸಿದರು. ಮೊದಲಿನಿಂದ ಕೊನೆಯತನಕ ಮಾತೆಲ್ಲ ಹಾಡಾಗಿರುವ ನಾಟಕ ಅದು. ಒಂದು ಭಾನುವಾರ ಎಲ್ಲರೂ ನೋಡುವುದು, ಮರು ಭಾನುವಾರ ಚರ್ಚೆ.

"ಹಾಡಿಕಿ ಹೆಂಗೈತಿ, ರಂಗದ ಮ್ಯಾಲ ಆಡಿಸಿದ್ದು ಹೆಂಗೈತಿ, ಎರಡೂ ನೀವ ತೂಗಿ ಹೇಳ್ರಿ ಟೀಚರ್," ಎಂದರು ಮಾಸ್ತರರು.

ಸುಶ್ಮಿತಾ ಹಿಗ್ಗಿಹೋದಳು. ಸಭೆಗಳಲ್ಲಿ ಪ್ರಾರ್ಥನೆ ಹಾಡಲು ಅವಳನ್ನು ಕರೆದವರುಂಟು. ಅಭಿಪ್ರಾಯ ಕೇಳಿದವರು ಇವರೇ ಮೊದಲು!

ಅವಳು ಮಾತ್ರ ಅದನ್ನು ಮನೆಯಲ್ಲೇ ಕೇಳುವುದೆಂದಾಯಿತು. ಮೌನೇಶ ನಾಲ್ಕು ಸಂಜೆ ಲ್ಯಾಪ್‌ಟಾಪ್ ಹಿಡಿದು ಅವಳ ಮನೆಯ ಪಡಸಾಲೆಗೆ ಬಂದ. ತಾಯಿ ಗುರುಸಿದ್ದವ್ವ ಪಕ್ಕದಲ್ಲೇ ಶೇಂಗಾ ಸುಲಿಯುತ್ತ ಕೂತಿರುತ್ತಿದ್ದಳು. ಪರದೆಯ ಕೆಳಗೆ ಬರುವ ಇಂಗ್ಲಿಷ್ ಸಾಲನ್ನು ಅವನು ಕನ್ನಡದಲ್ಲಿ ಓದಬೇಕು, ರಂಗದ ಮೇಲೆ ನಡೆಯುವುದನ್ನು ಬಣ್ಣಿಸಬೇಕು.

"ಇದ್ದದ್ದು ಇದ್ದಂಗ ಹೇಳ್ಬೇಕು ಮತ್ತ!"

"ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ದರಂತ ಟೀಚರ್."

"ನಾ ಒದಿಯಂಗಿಲ್ಲ. ಹೇಳ್ರಿ!"

ಗಿರಣಿಯವನ ಮಗಳೊಬ್ಬಳ ಕಥೆ ಅದು. ಯುದ್ಧಕ್ಕೆ ಹೋದ ಪ್ರಿಯಕರ ಬೇರೆ ಹೆಂಡತಿಯೊಂದಿಗೆ ಮರಳುತ್ತಾನೆ. ಅವನ ಬಾಗಿಲಲ್ಲಿ ನಿಂತು ಅವಳು ಹಾಡುತ್ತಾಳೆ. ಆ ಹೆಣ್ಣಿನ ದನಿ! ನಮ್ಮವರು ಮೀಂಡ್ ಎಳೆದು, ಸ್ವರದಿಂದ ಸ್ವರಕ್ಕೆ ಜಾರುತ್ತ ಮೆಲ್ಲಗೆ ತಲುಪುವ ಮೇಲಿನ ಸ್ವರಕ್ಕೆ ಅವಳು ನೆಗೆದು, ಅಲುಗದೆ ಕೂತಳು. ಸುಶ್ಮಿತಾಳ ಕಣ್ಣಲ್ಲಿ ನೀರು ಬಂತು.

ಆಗಲೇ ಅಲ್ಲಿಯ ಪ್ರೇಕ್ಷಕರು ಗೊಳ್ಳೆಂದು ನಕ್ಕರು.

"ಯಾಕ ನಕ್ಕರು?"

ಮೌನೇಶ ಲ್ಯಾಪ್‌ಟಾಪಿನ ದನಿ ತಗ್ಗಿಸಿದ. "ಅದು... ರಂಗದ ಮ್ಯಾಲ ಒಂದು ನಾಯಿ ಬಂತ್ರಿ."

ಅವಳು ನಂಬಿದಳು. ಚಪ್ಪಲಿಯ ಬಣ್ಣ ಹೇಳಿದವನನ್ನು ನಂಬದೆ ಇನ್ನಾರನ್ನು ನಂಬುತ್ತಾಳೆ?

ಚರ್ಚೆಯ ದಿನ ಸಭಾಂಗಣ ತುಂಬಿತ್ತು. ಸುಶ್ಮಿತಾ ಹಾಡುಗಾರಿಕೆಯನ್ನು ಎಳೆಎಳೆಯಾಗಿ ಬಿಡಿಸಿದಳು. ನಾಯಕನ ಗಂಟಲು ದೊಡ್ಡದು, ಆದರೆ ಉಸಿರು ಸಾಲದೆ ವಾದ್ಯಗಳ ಹಿಂದೆ ಬೀಳುತ್ತಾನೆ ಎಂದಾಗ ಚಪ್ಪಾಳೆ ಬಿತ್ತು. ಧೈರ್ಯ ಬಂದು ಮುಂದುವರಿಸಿದಳು.

"ಆದ್ರ ಆಡಿಸಿದಾಂವ ಒಂದು ದೊಡ್ಡ ತಪ್ಪು ಮಾಡ್ಯಾನ. ಅಂಥಾ ಹಾಡಿನ ನಡುವ ನಾಯಿ ತರಬಾರದಿತ್ತು!"

ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. "ಯಾವ ನಾಯಿ ಟೀಚರ್? ನಾವೂ ನೋಡೇವಲ್ಲ!"

ಮುಂದಿನ ಸಾಲಿನ ಹೆಣ್ಣುಮಗಳೊಬ್ಬಳು ಮೆಲ್ಲಗೆ ಹೇಳಿದಳು. "ನಾಯಿ ಬಂದಿಲ್ಲವಾ... ಆ ಹಾಡೋ ಹೆಣ್ಣಮಗಳು ಕರೇ ಚಷ್ಮಾ ಹಾಕ್ಕೊಂಡು, ಕೋಲು ಹಿಡಕೊಂಡು ಕುರುಡಿ ಆಗಿದ್ಲು. ಕಂಬಕ್ಕ ಡಿಕ್ಕಿ ಹೊಡದಳು. ಮಂದಿ ಅದಕ್ಕ ನಕ್ಕರು."

ಸುಶ್ಮಿತಾ ಮೈಕು ಕೆಳಗಿಟ್ಟಳು. ಮೂಲೆಯಲ್ಲಿ ಕೂತಿದ್ದ ಮೌನೇಶ ಎದ್ದು "ಟೀಚರ್..." ಎಂದದ್ದು ಕೇಳಿತು. ಉತ್ತರಿಸದೆ ಗೋಡೆ ಹಿಡಿದು ಹೊರಗೆ ನಡೆದಳು.

'ಇವನೂ! ಇವನೂ ಅವರಂಥವನೇ!'

ಮನೆಗೆ ಬಂದವಳೇ ತಾಯಿಯ ಮೇಲೆ ಹರಿಹಾಯ್ದಳು. "ಅವ್ವಾ, ನೀನೂ ನೋಡಿದ್ದಿಯಲ್ಲ? ಯಾಕ ಹೇಳಲಿಲ್ಲ?"

"ಆ ಹುಡುಗ ಕಣ್ಣಾಗ ನೀರು ತಗೊಂಡು ಸುಳ್ಳು ಹೇಳಾಕತ್ತಿದ್ದನವಾ... ನಂಗೂ ಬಾಯಿ ಬರಲಿಲ್ಲ."

"ಇಬ್ಬರೂ ಕೂಡಿ ನನ್ನ ತಲಿ ಮ್ಯಾಲ ಕೈ ಎಳದ್ರಿ!"

ಮರುದಿನ ಮೌನೇಶ ಬಂದ. ಬಾಗಿಲು ತೆರೆಯಲಿಲ್ಲ. ಅದರ ಮರುದಿನವೂ ಬಂದ. ಆಗಲೂ ಇಲ್ಲ. ಶಾಲೆಯಲ್ಲಿ ಸಹೋದ್ಯೋಗಿಗಳು ಅವಳೆದುರು ಒಪೆರಾದ ಸುದ್ದಿ ಎತ್ತದೆ ಜಾಗ್ರತೆಯಿಂದ ಮಾತಾಡಿದರು. ಆ ಜಾಗ್ರತೆ ಅವಳನ್ನು ಇನ್ನಷ್ಟು ಸುಟ್ಟಿತು. ಅವನು ಸುಳ್ಳು ಹೇಳಿದ ಎನ್ನುವುದಕ್ಕಿಂತ, ನಿಜವನ್ನು ತಾಳಿಕೊಳ್ಳಲು ತನ್ನಿಂದಾಗದು ಎಂದುಕೊಂಡನಲ್ಲ ಎನ್ನುವುದೇ ಹೆಚ್ಚು ನೋಯುತ್ತಿತ್ತು. ಅವನನ್ನು ನೆನೆದು ಅತ್ತಳು, ಅತ್ತದ್ದಕ್ಕೆ ತನ್ನನ್ನೇ ಬೈದುಕೊಂಡಳು.

ಶನಿವಾರ ಅವಳೇ ಹೇಳಿಕಳಿಸಿದಳು. ಮೌನೇಶ ಓಡೋಡಿ ಬಂದ.

"ಟೀಚರ್, ನನ್ನ..."

"ಮಾಫಿ ಕೇಳಾಕ ಕರದಿಲ್ಲ. ಲ್ಯಾಪ್‌ಟಾಪ್ ತಗೀರಿ. ಈ ಸಲ ಕಂಡಿದ್ದೆಲ್ಲಾ ಹೇಳ್ರಿ. ಹೇಳಿ ಹೋಗ್ರಿ."

ಅವನು ಹೇಳಿದ. ಕೋಲು ತಪ್ಪಿಸುವ ಜನ, ತಪ್ಪು ಬಾಗಿಲಿಗೆ ನೂಕುವ ಕೈಗಳು, ಕಂಬ, ನಗು. ಮೂಲ ಕಥೆಯಲ್ಲಿ ಗಿರಣಿಯವನ ಮಗಳು ಕುರುಡಿಯಲ್ಲ. ಪ್ರೀತಿ ಕುರುಡು ಎಂದು ತೋರಿಸಲು ನಿರ್ದೇಶಕ ಹಾಗೆ ಮಾಡಿದ್ದ. ಸುಶ್ಮಿತಾ ಅಲುಗದೆ ಕೇಳಿದಳು. ಆಮೇಲೆ ಫೋನ್ ತೆಗೆದು ಸಂಘದ ಗುಂಪಿಗೆ ಧ್ವನಿ ಸಂದೇಶ ಶುರುಮಾಡಿದಳು.

"ಹೋದ ವಾರ ನಾ ಹೇಳಿದ ನಾಯಿ ಸುಳ್ಳು. ಈಗ ಖರೆ ತೀರ್ಪು ಕೇಳ್ರಿ. ಆಡಿಸಿದಾಂವಗ ಕುರುಡರ ಬಾಳ್ವೆ ಗೊತ್ತಿಲ್ಲ. ದಿನಾ ಹೋಗಿ ಬರೋ ಬಾಗಲಾ ನಮಗ ತಪ್ಪಂಗಿಲ್ಲ, ಕೈಗೆ ಗೊತ್ತಿರತೈತಿ. ಆ ಹೆಣ್ಣಮಗಳ ದನಿ ಪ್ರತಿ ಸ್ವರದ ದಾರಿ ಬಲ್ಲದು. ಅಂಥಾ ದನಿ ಇದ್ದಾಕಿನ್ನ ಕಂಬಕ್ಕ ಹಾಯಿಸಿದ್ದು ಹಾಡಿಗೆ ಮಾಡಿದ ಮೋಸ. ಹಾಡಿಕಿ ಗೆದ್ದೈತಿ, ಆಟ ಸೋತೈತಿ."

ಸಂದೇಶ ಹೋಯಿತು. ಮೌನೇಶ ಎದ್ದು ನಿಂತ.

"ಆ ಮಂದಿ ನಕ್ಕಾಗ ನಿಮ್ಮನ್ನ ನೋಡಿ ನಕ್ಕಂಗಾತ್ರಿ ನನಗ. ಹೇಳಾಕ ನಾಲಿಗಿ ಹೊರಳಲಿಲ್ಲ. ನಿಮ್ಮ ಮ್ಯಾಲ ಜೀವ ಐತ್ರಿ ನಂದು."

"ಜೀವ ಇದ್ದವರೆಲ್ಲಾ ನನಗ ಸುಳ್ಳ ಹೇಳ್ಯಾರ ಮೌನೇಶ ಅವ್ರ! ನೀವೊಬ್ರು ಬ್ಯಾರೆ ಅಂತ ತಿಳಿದಿದ್ದೆ..." ಅವಳ ದನಿ ಒಡೆಯಿತು. "ನನ್ನ ಬಗ್ಗೆ ಯಾರೂ ನನಗ ಹೇಳದ ಒಂದು ಕೆಟ್ಟದ್ದು ಹೇಳ್ರಿ. ಹೇಳಿದ್ರ ಕುಂಡ್ರಿ. ಇಲ್ಲಾಂದ್ರ ಹೋಗಿಬಿಡ್ರಿ."

ಅವನ ಹೆಜ್ಜೆ ಬಾಗಿಲತನಕ ಹೋಗಿ, ತಿರುಗಿ ಬಂತು.

"ಮ್ಯಾಲಿನ ಸ್ವರ ಹಾಡುವಾಗ ನೀವು ಎಡಗೈ ಮಾರಿ ಮುಂದ ತಂದು ಸೊಳ್ಳಿ ಹೊಡದಂಗ ಆಡಿಸ್ತೀರಿ. ಸಾಲಿ ಹುಡುಗ್ರು ಹಿಂದ ನಿಂತು ಹಂಗ ಮಾಡಿ ನಗ್ತಾರ. ಸಾಲಿ ಕಾರ್ಯಕ್ರಮದಾಗ ನಾ ಕಣ್ಣಾರೆ ನೋಡೇನಿ."

ಶೇಂಗಾ ಸುಲಿಯುವ ಸದ್ದು ನಿಂತಿತು.

"ಅವ್ವಾ... ಖರೆ ಏನು?"

"...ಖರೆ ಐತವಾ."

ಎದೆಗೆ ನಾಟಿತು. ಎಷ್ಟು ಸಭೆ, ಎಷ್ಟು ಜನ! ಸುಶ್ಮಿತಾ ತುಟಿ ಕಚ್ಚಿಕೊಂಡಳು. ಕಣ್ಣೀರು ಇಳಿಯಿತು, ಅದರ ಬೆನ್ನಿಗೇ ತಡೆಯಲಾರದ ನಗುವೂ ಬಂತು. ಮೌನೇಶ ಸದ್ದಿಲ್ಲದೆ ಕೂತ.

"ಇಂಥವು ಇನ್ನೂ ಅದಾವೇನು?"

"ಬಾಳ ಅದಾವ್ರಿ."

"ಹಂಗಾರ ದಿನಾ ಒಂದೊಂದು ಬಂದು ಹೇಳ್ರಿ."

"ದಿನಾ ಬಂದ್ರ ಓಣಿ ಮಂದಿ ಏನಂದಾರ್ರಿ?"

"ಅದಕ್ಕ ಮೊದಲ ನಿಮ್ಮ ಮನಿ ಹಿರೇರನ್ನ ಕರಕೊಂಡು ಬರ್ರಿ."

"ಅಂದ್ರ... ಮಾಫಿ ಮಾಡಿದ್ರೇನು?"

"ಇಲ್ಲ. ಸಿಟ್ಟು ಇನ್ನೂ ಹಂಗ ಐತಿ," ಎಂದಳು ಸುಶ್ಮಿತಾ, ಕೈ ಚಾಚಿ ಅವನ ಬೆರಳು ಹುಡುಕುತ್ತ. "ಆದ್ರೂ ಬರ್ರಿ."