ರಾಜುಲಾ ಹತ್ತಿರದ ಡೈವರ್ಷನ್

"ಇದನ್ನ ಸ್ವಲ್ಪ ನೋಡ್ತೀರಾ? ನಿಮಗೆ ಖಂಡಿತ ನಗು ಬರುತ್ತೆ."

ಸಮೀಕ್ಷಾ ತನ್ನ ಫೋನನ್ನು ನನ್ನ ಅವಲಕ್ಕಿ ತಟ್ಟೆಯ ಪಕ್ಕದಲ್ಲಿಟ್ಟಳು. ಅದರಲ್ಲೊಂದು ಪಟ್ಟಿ. ಶನಿವಾರ ಬೆಳಗ್ಗೆ ಐದಕ್ಕೆ ಅಹಮದಾಬಾದ್, ಆರೂ ಮುಕ್ಕಾಲಿಗೆ ವಡೋದರಾ, ಹತ್ತೂವರೆಗೆ ಭಾವನಗರ, ಮಧ್ಯಾಹ್ನ ಎರಡೂವರೆಗೆ ದೀವ್. ಭಾನುವಾರ ಸೋಮನಾಥ, ಸೋಮವಾರ ವಾಪಸ್. ಪ್ರತಿ ಊರಿನ ಮುಂದೆ ಪುಟ್ಟ ಕಾರಿನ ಚಿತ್ರ. ದೀವ್ ಮುಂದೆ ಮಾತ್ರ ಸಮುದ್ರಕ್ಕಿಳಿಯುವ ಕೆಂಪು ಸೂರ್ಯ.

ನಗು ಬಂತು. "ಇದರಲ್ಲಿ ಯಾರೂ ಊಟ ಮಾಡಲ್ವಾ? ಬಾತ್‌ರೂಮಿಗೆ ಹೋಗಲ್ವಾ? ಯಾರು ಮಾಡಿದ್ದು?"

"ಅನಿರುದ್ಧ."

ನಗು ಅಲ್ಲೇ ನಿಂತಿತು.

ಅನಿರುದ್ಧ ಯಾರೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಹಮದಾಬಾದಿನ ನರೋಡಾದಲ್ಲಿ ಎಂಜಿನಿಯರ್. ಅವನ ತಾಯಿಯೂ ಸಮೀಕ್ಷಾಳ ಸೋದರತ್ತೆ ರಮಾಮಣಿಯವರೂ ಕನ್ನಡ ಸಂಘದ ರಾಜ್ಯೋತ್ಸವದ ಊಟದ ಪಂಕ್ತಿಯಲ್ಲಿ ಅಕ್ಕಪಕ್ಕ ಕೂತಿದ್ದರು. ಪಾಯಸ ಬರುವಷ್ಟರಲ್ಲಿ ಜಾತಕದ ಮಾತು ಬಂತು. ಉಪ್ಪಿಟ್ಟು, ಕೇಸರಿಬಾತು, ತಲೆ ಬಗ್ಗಿಸಿ ಕೂರುವುದು ಯಾವುದೂ ಬೇಡ ಎಂದಿದ್ದು ಹುಡುಗನೇ. ಜನವರಿ ಇಪ್ಪತ್ತಾರಕ್ಕೆ ಸೇರಿ ಮೂರು ದಿನ ರಜೆ ಇದೆ, ದೊಡ್ಡವರನ್ನೂ ಕೂರಿಸಿಕೊಂಡು ಸಮುದ್ರದ ದಾರಿಯಲ್ಲಿ ಹೋಗಿಬರೋಣ ಎಂದಿದ್ದ.

"ಮೂರು ದಿನ ಒಂದೇ ಕಾರಲ್ಲಿ ಕೂತ್ರೆ ಎಂಥ ಮನುಷ್ಯನ ಬಣ್ಣಾನೂ ಗೊತ್ತಾಗುತ್ತೆ" ಎಂದು ರಮಾಮಣಿ ಅತ್ತೆ ಒಪ್ಪಿದ್ದರು. ಭಾನುವಾರ ಸಂಜೆ ಸೋಮನಾಥದಲ್ಲಿ ಸಮೀಕ್ಷಾ ಹೂಂ ಅಥವಾ ಉಹೂಂ ಹೇಳಬೇಕು.

ನಾನು ಕಿಶೋರ್. ದಾವಣಗೆರೆಯವನು. ಸಮೀಕ್ಷಾ ಅತ್ತೆ ಮಾವನ ಜೊತೆ ಇರುವ ಅದೇ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೇನೆ. ಇಲ್ಲೇ ವಡೋದರಾದ ಮಕರಪುರದ ಒಂದು ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಲಾರಿ ಕಳಿಸುವುದು ನನ್ನ ಕೆಲಸ. ನಮ್ಮ ಮಾಲು ಹಡಗು ಹತ್ತುವ ಬಂದರು ಇದೇ ದಾರಿಯಲ್ಲಿ, ರಾಜುಲಾ ಊರಿನ ಆಚೆ ಇದೆ. ಹಾಗಾಗಿ ದಾರಿಯ ಒಂದೊಂದು ಹಂಪ್ ಕೂಡ ನನಗೆ ಪರಿಚಯ. ಒಂದು ವರ್ಷದಿಂದ ಪ್ರತಿ ಭಾನುವಾರ ಬೆಳಗ್ಗೆ, ಕಾರ್ಖಾನೆಗಳ ಎಸ್ಟೇಟಿನ ಖಾಲಿ ರಸ್ತೆಗಳಲ್ಲಿ, ಸಮೀಕ್ಷಾಳಿಗೆ ಕಾರು ಕಲಿಸುತ್ತಿದ್ದೆ.

ಕಾರು ಅವಳಿಗೆ ಎರಡೇ ತಿಂಗಳಲ್ಲಿ ಬಂದಿತ್ತು. ಉಳಿದ ಹತ್ತು ತಿಂಗಳು ಏನು ಕಲಿಸಿದೆ ಎಂದು ಯಾರೂ ಕೇಳಿರಲಿಲ್ಲ.

"ಸರಿ ಮಾಡಿಕೊಡಿ" ಎಂದು ಅವಳು ಕುರ್ಚಿ ಎಳೆದುಕೊಂಡಳು. "ನಿಮ್ಮ ಲಾರಿಗೆ ಮಾಡ್ತೀರಲ್ಲ, ಹಾಗೆ."

ನಾನು ಪೆನ್ನು ಕಾಗದ ತೆಗೆದೆ. ಅವಳು ಗಲ್ಲಕ್ಕೆ ಕೈಕೊಟ್ಟು ನನ್ನನ್ನೇ ನೋಡುತ್ತಿದ್ದಳು. ಬ್ಯಾಂಕಿನಿಂದ ಆಗಷ್ಟೇ ಬಂದಿದ್ದಳು. ಕಿವಿಯ ಬಳಿ ಒಂದು ಎಳೆ ಕೂದಲು ಬೆವರಿಗೆ ಅಂಟಿತ್ತು. ಆ ಎಳೆಯನ್ನು ನೋಡದೆ ಕಾಗದ ನೋಡುವುದು ಎಷ್ಟು ಕಷ್ಟವೆಂದು ಹೇಳಿದರೆ ಅರ್ಥವಾಗುವುದಿಲ್ಲ.

"ಮ್ಯಾಪ್‌ಗೆ ಹಸಿವಾಗಲ್ಲ, ಮಂಡಿ ನೋಯಲ್ಲ" ಎಂದೆ. "ಅದು ಹೇಳೋ ಒಂದೊಂದು ಗಂಟೆಗೂ ಹತ್ತು ನಿಮಿಷ ಸೇರಿಸಬೇಕು. ಎರಡು ಗಂಟೆಗೊಮ್ಮೆ ಕಾರು ನಿಲ್ಲಬೇಕು. ಅವರಮ್ಮ ಐದಕ್ಕೆ ರೆಡಿ ಆಗ್ತಾರಾ?"

"ದೇವರ ಪೂಜೆ ಮಾಡದೆ ಹೊರಡಲ್ವಂತೆ."

"ಹಾಗಾದ್ರೆ ಐದೂವರೆ. ಇಲ್ಲಿಗೆ ಏಳೂವರೆ. ನಿಮ್ಮತ್ತೆ ಕಾಫಿ ಕೊಡದೆ ಬಿಡಲ್ಲ, ಹೊರಡೋದು ಎಂಟು. ಹತ್ತಕ್ಕೆ ವಟಾಮಣ್ ಕ್ರಾಸು, ಅಲ್ಲಿ ಚಹಾ. ಹನ್ನೆರಡೂವರೆಗೆ ಭಾವನಗರ, ಊಟ."

ಒಳಗಿನಿಂದ ರಮಾಮಣಿ ಅತ್ತೆ ಕೂಗಿದರು. "ಭಾವನಗರದಲ್ಲಿ ಕುರುಕಲಿಗೆ ಗಾಠಿಯಾ ತಗೋಬೇಕು ಕಣಪ್ಪಾ, ಬರ್ಕೋ!"

"ಬರ್ಕೊಂಡೆ ಅತ್ತೆ. ಗಾಠಿಯಾಗೆ ಹದಿನೈದು ನಿಮಿಷ."

"ಹದಿನೈದು ಸಾಲಲ್ಲ" ಎಂದರು ರಘುರಾಮ ಮಾವ, ಪೇಪರಿನ ಹಿಂದಿನಿಂದ. ರೈಲ್ವೆಯಲ್ಲಿ ಮೂವತ್ತೈದು ವರ್ಷ ದುಡಿದವರು. "ಅವಳು ಮೊದಲು ರುಚಿ ನೋಡಬೇಕು. ಏನೇ ಆಗ್ಲಿ, ದೀವ್‌ಗೆ ಮಾತ್ರ ತಡ ಮಾಡಬೇಡಿ." ದೀವ್‌ನಲ್ಲಿ ಗುಜರಾತಿನ ಹಾಗೆ ಪಾನನಿರೋಧವಿಲ್ಲ. ಮಾವನ ಸಮುದ್ರಪ್ರೇಮದ ಗುಟ್ಟು ಅದು.

ಎಲ್ಲ ಕೂಡಿಸಿ ನೋಡಿದೆ. ಒಂದೂಕಾಲಿಗೆ ಭಾವನಗರ ಬಿಟ್ಟರೆ ಮೂರಕ್ಕೆ ಮಹುವಾ, ಐದೂ ನಲವತ್ತಕ್ಕೆ ದೀವ್. ಸೂರ್ಯ ಮುಳುಗುವುದು ಆರೂವರೆಗೆ. ಕಾಲು ತೊಳೆದು ಮರಳಿನ ಮೇಲೆ ಕೂರಲು ಸರಿಯಾಗಿ ಸಮಯವಿದೆ.

"ಅವರು ಸೂರ್ಯಾಸ್ತದ ಬಗ್ಗೆ ತುಂಬಾ ಹೇಳಿದ್ದಾರೆ" ಎಂದಳು ಸಮೀಕ್ಷಾ. "ಅಲ್ಲಿ ದೊಡ್ಡವರು ರೂಮಲ್ಲಿ ರೆಸ್ಟ್ ಮಾಡಲಿ, ನಾವಿಬ್ರು ಬೀಚಲ್ಲಿ ನಡೆಯೋಣ ಅಂತ."

ಹೇಳಿ ನನ್ನ ಮುಖ ನೋಡಿದಳು. ನಾನು ಪೆನ್ನಿನ ಮುಚ್ಚಳ ನೋಡಿದೆ.

"ನಾಳೆ ನೀಟಾಗಿ ಬರೆದುಕೊಡ್ತೀನಿ" ಎಂದೆ.

ಮಹಡಿಗೆ ಹೋಗಿ ಬರೆಯಲು ಕೂತೆ. ನಮ್ಮ ಕಸುಬಿನಲ್ಲಿ ಒಂದು ನೇಮವಿದೆ: ಡ್ರೈವರಿಗೆ ಸುಳ್ಳು ಟೈಮ್ ಕೊಡಬಾರದು. ಕಡಿಮೆ ಹೇಳಿದರೆ ಅವನು ಗಾಡಿ ಜೋರಾಗಿ ಓಡಿಸಿ ಸಾಯುತ್ತಾನೆ. ಜಾಸ್ತಿ ಹೇಳಿದರೆ ಮುಂದೆ ನಿನ್ನ ಮಾತು ನಂಬುವುದಿಲ್ಲ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ನಾನದನ್ನು ಮುರಿದಿರಲಿಲ್ಲ.

ವಟಾಮಣ್ ಬರೆದೆ. ಅವನು ಅವಳಿಗೆ ಚಹಾ ತಂದುಕೊಡುವುದು ಕಾಣಿಸಿತು. ಭಾವನಗರ ಬರೆದೆ. ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳಿ ಎಂದು ಅವನು ಒತ್ತಾಯ ಮಾಡಿದ. ಮಹುವಾ ಬರೆದೆ. ಅಲ್ಲಿಂದ ಮುಂದೆ ಗಾಳಿಗೆ ಉಪ್ಪಿನ ವಾಸನೆ ಬರುತ್ತದೆ. ಅವಳು ಕಿಟಕಿ ಇಳಿಸಿದಳು, ಆ ಒಂದು ಎಳೆ ಕೂದಲು ಹಾರಿತು, ಅದನ್ನು ಅವನು ನೋಡಿದ. ರಸ್ತೆ ಬಿಟ್ಟು ಅದನ್ನೇ ನೋಡಿದ.

ಮರಳಿನ ಮೇಲೆ ಎರಡು ಜೊತೆ ಹೆಜ್ಜೆ. ಅದನ್ನು ಬರೆಯಲು ಕೈ ಬರಲಿಲ್ಲ.

"ರಾಜುಲಾ ಹತ್ತಿರ ರಸ್ತೆ ಕೆಲಸ, ಡೈವರ್ಷನ್. ಒಂದೂವರೆ ಗಂಟೆ ಹೆಚ್ಚು" ಎಂದು ಬರೆದೆ. ದೀವ್ ತಲುಪುವುದು ಏಳೂ ಹತ್ತಕ್ಕೆ. ಅಷ್ಟರಲ್ಲಿ ಕತ್ತಲು. ಬೀಚಿಗೆ ಯಾರೂ ಹೋಗುವುದಿಲ್ಲ, ಅತ್ತೆ ಬಿಡುವುದೂ ಇಲ್ಲ.

ಗುರುವಾರ ಬೆಳಗ್ಗೆ ಕಾಗದ ಕೊಟ್ಟಾಗ ಸಮೀಕ್ಷಾ ಅದನ್ನು ನಿಧಾನವಾಗಿ ಓದಿದಳು. "ಸೂರ್ಯಾಸ್ತ ತಪ್ಪುತ್ತೆ ಹಾಗಾದ್ರೆ."

"ಏನ್ ಮಾಡೋದು? ರಸ್ತೆ ಹಾಗಿದೆ."

"ಅಯ್ಯೋ ಪಾಪ" ಎಂದಳು. ಯಾರಿಗೆ ಪಾಪ ಎಂದು ಹೇಳಲಿಲ್ಲ.

ಅವತ್ತು ಮಧ್ಯಾಹ್ನ ಬಂದರಿನಿಂದ ಮರಳುತ್ತಿದ್ದ ನಮ್ಮ ಡ್ರೈವರ್ ಫೋನ್ ಮಾಡಿದ. ಇಷ್ಟು ಬೇಗ ಎಲ್ಲಿಗೆ ಬಂದೆ ಎಂದು ಕೇಳಿದೆ. "ರಾಜುಲಾ ದಾಟಿದೆ ಸಾಹೇಬ್. ರೋಡು ಮಖ್ಖನ್!" ಎಂದ. ಬೆಣ್ಣೆಯಂಥ ಆ ರಸ್ತೆ ನನ್ನ ಎದೆಯ ಮೇಲೆಯೇ ಹಾದುಹೋದ ಹಾಗಾಯಿತು. ಪಕ್ಕದ ಮೇಜಿನವನು ಮೈ ಹುಷಾರಿಲ್ಲವೇ ಎಂದು ಕೇಳಿದ.

ಹೊಟ್ಟೆಕಿಚ್ಚು ಬಿಸಿ ಪಾತ್ರೆ ಇದ್ದ ಹಾಗೆ. ಹಿಡಿದವನ ಕೈಯೇ ಮೊದಲು ಸುಡುವುದು. ಅವನಿಗೆ ಒಂದು ಸಂಜೆ ತಪ್ಪಿಸಿ ನಾನೇನು ಗಳಿಸಿದಂತಾಯಿತು? ಭಾನುವಾರದ ಸೋಮನಾಥ ಹಾಗೇ ಇತ್ತು. ಅಲ್ಲಿಯೂ ಸಮುದ್ರವಿದೆ, ಅಲ್ಲಿಯೂ ಸೂರ್ಯ ಮುಳುಗುತ್ತಾನೆ. ಅವಳು ಹೂಂ ಎಂದರೆ ನನ್ನ ಡೈವರ್ಷನ್ ಯಾರನ್ನು ತಡೆಯುತ್ತದೆ?

ಶುಕ್ರವಾರ ಊಟದ ಹೊತ್ತಿಗೆ, ಸರಿಯಾದ ಟೈಮ್ ಬರೆದ ಹೊಸ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಅವಳ ಬ್ಯಾಂಕಿನ ಎದುರಿನ ಚಹಾ ಲಾರಿಯ ಬಳಿ ಹೋದೆ. ಲಾರಿ ಎಂದರೆ ಇಲ್ಲಿ ತಳ್ಳುಗಾಡಿ. ನಾನು ಕರೆಯುವ ಮುಂಚೆಯೇ ಅವಳು ಹೊರಗೆ ಬಂದಳು. ಕೈಯಲ್ಲಿ ನನ್ನ ಹಳೆಯ ಕಾಗದ. ಒಂದು ಸಾಲಿನ ಸುತ್ತ ಕೆಂಪು ಗೆರೆ.

"ಮಹುವಾದ ಈರುಳ್ಳಿ ವ್ಯಾಪಾರಿ ಒಬ್ರು ನಮ್ಮ ಬ್ರಾಂಚಿಗೆ ಬರ್ತಾರೆ" ಎಂದಳು. "ವಾರಕ್ಕೆರಡು ಸಲ ಅದೇ ದಾರಿಯಲ್ಲಿ ಓಡಾಡೋರು. ಕೌನ್ಸಾ ಡೈವರ್ಷನ್, ಬೆನ್? ಯಾವ ಡೈವರ್ಷನ್ನಮ್ಮಾ ಅಂತ ನನ್ನೇ ಕೇಳಿದ್ರು."

ಜೇಬಿನ ಹೊಸ ಕಾಗದಕ್ಕೆ ಕೈ ಹಾಕಿದೆ.

"ಯಾವ ಡ್ರೈವರಿಗೂ ಸುಳ್ಳು ಟೈಮ್ ಹೇಳಲ್ಲ ಅಂತ ನನಗೆ ನೂರು ಸಲ ಹೇಳಿದ್ದೀರಿ ನೀವು. ಹೇಳಿ, ಈ ಒಂದೂವರೆ ಗಂಟೆ ಎಲ್ಲಿಂದ ಬಂತು?"

"ಹೊಟ್ಟೆಕಿಚ್ಚಿಂದ" ಎಂದೆ.

ಚಹಾದವನು ಶುಂಠಿ ಜಜ್ಜುತ್ತಿದ್ದ. ಕನ್ನಡ ಬಾರದಿದ್ದರೂ ಕೈ ನಿಧಾನ ಮಾಡಿದ.

"ಅವನ ಜೊತೆ ನೀವು ಮರಳಲ್ಲಿ ನಡೆಯೋದನ್ನ ನನ್ನ ಕೈಯಿಂದ ಬರೆಯೋಕೆ ಆಗ್ಲಿಲ್ಲ. ತಪ್ಪಾಯ್ತು. ಇದು ಸರಿಯಾದ ಪ್ಲಾನ್, ತಗೊಳ್ಳಿ. ಸೂರ್ಯಾಸ್ತ ಸಿಗುತ್ತೆ. ಆದ್ರೆ..." ಕಾಗದವನ್ನು ಅವಳ ಕೈಗಿಟ್ಟೆ. "ಸಮೀಕ್ಷಾ ಅವರೇ, ನೀವು ಹೋಗೋದು ನನಗೆ ಇಷ್ಟ ಇಲ್ಲ. ದೀವ್‌ಗೂ ಬೇಡ, ಸೋಮನಾಥಕ್ಕೂ ಬೇಡ. ನಿಮ್ಮನ್ನ ಬಿಟ್ಟು ನನಗೆ ಭಾನುವಾರನೇ ಇಲ್ಲ."

ಅವಳ ಕಣ್ಣು ತುಂಬಿತು. ಆಮೇಲೆ ಆ ಕಣ್ಣಲ್ಲೇ ಸಿಟ್ಟು ಬಂತು.

"ಬುಧವಾರ ಆ ಪಟ್ಟಿ ನಿಮಗ್ಯಾಕೆ ತೋರಿಸಿದೆ ಅಂದ್ಕೊಂಡ್ರಿ? ಟೈಮ್ ಕೇಳೋಕಾ? ಒಂದು ಸಲ 'ಹೋಗಬೇಡಿ' ಅಂತೀರೇನೋ ಅಂತ ಕಾದೆ. ನೀವು ಗಾಠಿಯಾಗೆ ಹದಿನೈದು ನಿಮಿಷ ಬರ್ಕೊಂಡ್ರಿ!"

"ಅತ್ತೆ ಹೇಳಿದ್ರು..."

"ಅತ್ತೆ ಹೇಳಿದ್ದೆಲ್ಲ ಕೇಳಿಸುತ್ತೆ. ನಾನು ಹೇಳದೆ ಇರೋದು ಮಾತ್ರ ಕೇಳಿಸಲ್ಲ!"

ಅವಳು ಫೋನ್ ತೆಗೆದಳು. ಮೂರು ದಿನ ಒಬ್ಬರ ಕಾರಲ್ಲಿ ಕೂತು, ಅವರಮ್ಮನ ಕೈತುತ್ತು ತಿಂದು, ಕೊನೆಗೆ ಬೇಡ ಅನ್ನುವುದು ಮರ್ಯಾದೆಯಲ್ಲ. ಈಗಲೇ ಹೇಳುತ್ತೇನೆ ಎಂದು ಬೇವಿನ ಮರದ ಕೆಳಗೆ ಹೋಗಿ ನಿಂತಳು.

ಅವನನ್ನು ನಿರಾಕರಿಸಲು ಎರಡು ನಿಮಿಷ ಸಾಕೆಂದು ನನ್ನ ಅಂದಾಜು. ಹದಿನೆಂಟು ನಿಮಿಷವಾಯಿತು. ಮೊದಲು ಅವಳು ತಲೆ ತಗ್ಗಿಸಿ ಮಾತಾಡಿದಳು. ಮತ್ತೆ ಸುಮ್ಮನೆ ಕೇಳಿಸಿಕೊಂಡಳು. ಮಧ್ಯೆ ಒಮ್ಮೆ ನಕ್ಕಳು. ಬೇಡ ಎನ್ನುವ ಮಾತಿನಲ್ಲಿ ನಗುವಂಥದ್ದು ಏನಿರುತ್ತದೆ? ಇನ್ನೊಮ್ಮೆ ನಕ್ಕಾಗ ನನ್ನ ಕೈಯ ಕಾಗದದ ಲೋಟ ಅಪ್ಪಚ್ಚಿಯಾಗಿತ್ತು.

"ನಿಮ್ಮ ಹತ್ರ ಮಾತಾಡಬೇಕಂತೆ" ಎಂದು ಬಂದು ಫೋನ್ ಚಾಚಿದಳು.

"ನಮಸ್ಕಾರ ಸರ್" ಎಂದ ಅನಿರುದ್ಧ. ದನಿ ಮೆತ್ತಗಿತ್ತು. "ಬೇಜಾರಾಗಿದೆ, ಸುಳ್ಳು ಹೇಳಲ್ಲ. ಆದ್ರೆ ಅಮ್ಮ ಸಮುದ್ರ ನೋಡಿ ಒಂಬತ್ತು ವರ್ಷ ಆಯ್ತು, ಪೂಜೆ ಸಾಮಾನೆಲ್ಲ ಕಟ್ಟಿಟ್ಟಿದ್ದಾರೆ. ನಾನು ಅವರನ್ನ ಕರ್ಕೊಂಡು ಹೋಗ್ತೀನಿ. ನನ್ನ ಪ್ಲಾನ್ ಲಾಯಕ್ಕಿಲ್ಲ ಅಂತ ಇವರು ನಗ್ತಿದ್ರು. ನಿಮ್ಮದು ಕೊಡ್ತೀರಾ?"

ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು ಅನ್ನಿಸಿತು.

"ಬರ್ಕೊಳ್ಳಿ" ಎಂದೆ. "ನೀವು ವಡೋದರಾಗೆ ಬರಬೇಕಾಗಿಲ್ಲ. ಅಹಮದಾಬಾದಿಂದ ನೇರ ಭಾವನಗರಕ್ಕೆ ಹೋದ್ರೆ ಎರಡು ಗಂಟೆ ಉಳಿಯುತ್ತೆ. ಪೂಜೆ ನಿಧಾನವಾಗಿ ಆಗ್ಲಿ, ಏಳಕ್ಕೆ ಹೊರಡಿ. ನಾಲ್ಕರ ನಂತರ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತೆ, ಓವರ್‌ಟೇಕ್ ಮಾಡಬೇಡಿ. ಆರಕ್ಕೆಲ್ಲ ನಾಗೋವಾ ಬೀಚಲ್ಲಿ ಅಮ್ಮನಿಗೆ ಒಂದು ಕುರ್ಚಿ ಹಿಡೀರಿ."

"ರಾಜುಲಾ ಹತ್ರ ಏನೋ ಡೈವರ್ಷನ್ ಅಂದ್ರಂತೆ?"

"ಇಲ್ಲ" ಎಂದೆ. "ಕೆಲಸ ಮುಗೀತು."

ರಮಾಮಣಿ ಅತ್ತೆ ಅವತ್ತು ಸಂಜೆ ನನ್ನೊಡನೆ ಮಾತಾಡಲಿಲ್ಲ. ಕಟ್ಟಿಟ್ಟ ಬ್ಯಾಗಿನಿಂದ ಸೀರೆಗಳನ್ನು ಒಂದೊಂದಾಗಿ, ಸದ್ದಾಗುವಂತೆ, ಬೀರುವಿಗೆ ಹಾಕಿದರು. ಸೀರೆಯಲ್ಲಿಯೂ ಅಷ್ಟು ಸದ್ದು ಬರುತ್ತದೆಂದು ನನಗೆ ಗೊತ್ತಿರಲಿಲ್ಲ. ಮಾವ ಮಾತ್ರ ಗೇಟಿನ ಬಳಿ ಹಿಡಿದು ಹೇಳಿದರು: "ನೀನು ಒಳ್ಳೆಯವನೇ ಕಣಯ್ಯ. ಆದ್ರೆ ಸೋಮವಾರ ಹೇಳಬಾರದಿತ್ತಾ? ನನ್ನ ದೀವ್ ಹೋಯ್ತು."

ಶನಿವಾರ ಸಂಜೆ ಅತ್ತೆ ಮಹಡಿಯ ಕಡೆ ಮುಖ ಮಾಡಿ, ಯಾರಿಗೂ ಅಲ್ಲ ಎಂಬಂತೆ, "ತಿಂಡಿ ಆಗಿದೆ" ಎಂದರು. ಇಳಿದುಬಂದೆ. ನನ್ನ ತಟ್ಟೆಗೆ ಬಿಸಿ ದೋಸೆ ಬಿತ್ತು. ಮಾತು ಬೀಳಲಿಲ್ಲ. ಅತ್ತೆ ಅಡುಗೆಮನೆಗೆ ಹೋದರು.

ಆರೂ ಮೂವತ್ತೈದಕ್ಕೆ ಸಮೀಕ್ಷಾಳ ಫೋನ್ ಸದ್ದು ಮಾಡಿತು. ಫೋಟೋ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬ ತಾಯಿ, ಪಾದದ ತನಕ ನೊರೆ, ಹಿಂದೆ ಕಿತ್ತಳೆ ಬಣ್ಣದ ಸಮುದ್ರ. ಪಕ್ಕದಲ್ಲಿ ಪ್ಯಾಂಟು ಮಡಿಸಿಕೊಂಡು ನಿಂತಿದ್ದ ಅನಿರುದ್ಧ.

"ಚೆನ್ನಾಗಿ ಕಾಣ್ತಾರೆ, ಅಲ್ವಾ?" ಎಂದಳು.

"ಯಾರು?"

"ಅವರಮ್ಮ."

ಅವಳು ಫೋಟೋ ನೋಡುತ್ತಿರಲಿಲ್ಲ. ನನ್ನ ಕಿವಿ ಎಷ್ಟು ಕೆಂಪಾಯಿತೆಂದು ನೋಡುತ್ತಿದ್ದಳು.

"ಫೋನ್ ಕೊಡಿ" ಎಂದು ಎದ್ದೆ. "ಸೋಮವಾರ ವಾಪಸ್ ಬರೋವಾಗ ವಟಾಮಣ್ ಹತ್ರ ಜಾಮ್ ಆಗುತ್ತೆ. ಇದು ನಿಜವಾಗ್ಲೂ ಆಗುತ್ತೆ. ಅವರಿಗೆ ಹೇಳ್ತೀನಿ."

ಅವಳು ನನ್ನ ಮುಂಗೈ ಹಿಡಿದಳು. ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದಳು:

"ಕೂತ್ಕೋ ಕಿಶೋರ್. ಅವರಿಗೆ ದಾರಿ ಗೊತ್ತಿದೆ."

ಒಳಗೆ ಕಾವಲಿಯ ಮೇಲೆ ಆಡುತ್ತಿದ್ದ ಸೌಟು ನಿಂತಿತು. ನಾವಿಬ್ಬರೂ ಉಸಿರು ಹಿಡಿದೆವು. ಆಮೇಲೆ ಚುಯ್ ಎಂದು ಇನ್ನೊಂದು ದೋಸೆ ಹರಡುವ ಸದ್ದು ಕೇಳಿಸಿತು.